ಗುಜರಿಗೆ ಬಂದ ಪ್ರಯೋಗಾಲಯ

ಗುಜರಿ ಅಂಗಡಿ ನಮ್ಮ ಊರುಗಳಿಗೆ ಹೊಸದಲ್ಲ. ತೂತುಬಿದ್ದ ಕೊಡ, ಸುಟ್ಟ ಮೋಟಾರು, ಆಸ್ಪತ್ರೆಯ ಮುರುಕು ಮಂಚ ಎಲ್ಲವೂ ಕೊನೆಗೆ ಅಲ್ಲಿಗೇ ಸೇರುತ್ತವೆ. ನಮ್ಮ ಸಮುದಾಯದ ಎಷ್ಟೋ ಮನೆಗಳ ಒಲೆ ಈ ವ್ಯಾಪಾರದಿಂದಲೇ ಉರಿಯುತ್ತದೆ. ಸುತ್ತಿಗೆ ಹಿಡಿದು ತಾಮ್ರ ಬೇರೆ, ಸೀಸ ಬೇರೆ ಮಾಡುವವನು ಸಾಮಾನಿನ ಪೂರ್ವಾಪರ ಕೇಳುವುದಿಲ್ಲ. ಕೇಳಿದರೂ ಹೇಳುವವರಿಲ್ಲ. ದೆಹಲಿಯ ಮಾಯಾಪುರಿಯಲ್ಲಿ ನಡೆದ ದುರಂತವನ್ನು ನಾವು ಮರೆಯಬಾರದು ಎನ್ನುವುದು ಇದಕ್ಕಾಗಿಯೇ.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವು 1960ರ ದಶಕದ ಕೊನೆಯಲ್ಲಿ ಕೆನಡಾದಿಂದ ಒಂದು ಯಂತ್ರವನ್ನು ತರಿಸಿತ್ತು. ಅದರೊಳಗಿದ್ದ ಕೋಬಾಲ್ಟ್-60 ಎಂಬ ಲೋಹ ಗಾಮಾ ಕಿರಣಗಳನ್ನು ಹೊಮ್ಮಿಸುತ್ತದೆ. ಕಿರಣ ಹೊರಬಾರದಂತೆ ಸುತ್ತಲೂ ಸೀಸದ ದಪ್ಪ ಕವಚವಿತ್ತು. 1985ರ ನಂತರ ಅದರ ಬಳಕೆ ನಿಂತಿತು. ಕಾಲು ಶತಮಾನ ಸುಮ್ಮನೆ ಬಿದ್ದಿದ್ದ ಆ ಯಂತ್ರ 2010ರ ಫೆಬ್ರವರಿಯಲ್ಲಿ ಹರಾಜಾಗಿ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಬಂತು.

ಸೀಸಕ್ಕೆ ಬೆಲೆಯಿದೆ, ಕೂಲಿಗಳು ಯಂತ್ರವನ್ನು ಬಿಚ್ಚಿದರು. ಒಬ್ಬರು ಅದರೊಳಗಿನ ಒಂದು ಚೂರನ್ನು ತಮ್ಮ ಪಾಕೀಟಿನಲ್ಲಿ ಇಟ್ಟುಕೊಂಡಿದ್ದರು. ಏಪ್ರಿಲ್ ಹೊತ್ತಿಗೆ ಚರ್ಮ ಸುಟ್ಟು, ಕೂದಲು ಉದುರಿ ಎಂಟು ಮಂದಿ ಆಸ್ಪತ್ರೆ ಸೇರಿದರು. 35 ವರ್ಷದ ಒಬ್ಬ ಕೂಲಿಯಾಳು ತೀರಿಕೊಂಡ. ಕೋಬಾಲ್ಟ್-60ರ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅಂದರೆ ನಾಲ್ಕು ದಶಕಗಳಲ್ಲಿ ಉಳಿಯುವುದು ಮೊದಲಿನ ಶಕ್ತಿಯ 200ರಲ್ಲಿ ಒಂದು ಪಾಲು ಮಾತ್ರ. ಅಷ್ಟೇ ಒಂದು ಜೀವವನ್ನು ತೆಗೆಯಿತು. ವಿಶ್ವವಿದ್ಯಾಲಯ ನೈತಿಕ ಹೊಣೆ ಹೊತ್ತುಕೊಂಡಿತು.

ಇದು ಯಾರಿಗೂ ತಿಳಿಯದ ಅಪಾಯವಾಗಿತ್ತೇ? 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವೊಂದು ಹೀಗೆಯೇ ಗುಜರಿ ಸೇರಿತ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಸೀಸಿಯಂ ಪುಡಿಯನ್ನು ಜನ ಮನೆಮನೆಗೆ ಹಂಚಿಕೊಂಡರು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಬಾಲಕಿ. ಅದೇ 1987ರಲ್ಲಿ ನಮ್ಮ ದೇಶದಲ್ಲಿ ವಿಕಿರಣ ತ್ಯಾಜ್ಯದ ವಿಲೇವಾರಿಗೆ ನಿಯಮಗಳು ಬಂದವು. 1989ರಲ್ಲಿ ಇತರ ಅಪಾಯಕಾರಿ ತ್ಯಾಜ್ಯಗಳಿಗೂ ಬಂದವು. ನಿಯಮವಿತ್ತು, ಪಾಠವೂ ಇತ್ತು. ಹರಾಜಿನ ಪಟ್ಟಿ ಬರೆಯುವ ಮೇಜಿನ ತನಕ ಅವೆರಡೂ ತಲುಪಲಿಲ್ಲ.

ಕಿರಣದ ಯಂತ್ರ ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ, ನಿಜ. ಆದರೆ ಹಳೆಯ ಆಮ್ಲ, ಪಾದರಸ, ಚೀಟಿ ಕಿತ್ತುಹೋದ ಬಾಟಲಿಗಳು ರಸಾಯನಶಾಸ್ತ್ರದ ಪ್ರಯೋಗಾಲಯಗಳಿಗೆ ಹೊಸವಲ್ಲ. ಉಳಿದ ನೈಟ್ರಿಕ್ ಆಮ್ಲವನ್ನು ಅಸಿಟೋನ್ ಇದ್ದ ಡಬ್ಬಕ್ಕೆ ಸುರಿದರೆ ಅದು ಸಿಡಿಯಬಹುದು. ತೊಟ್ಟಿಗೆ ಸುರಿದ ಪಾದರಸ ಚರಂಡಿ ಹಿಡಿದು ನೀರಿಗೆ, ನೀರಿನಿಂದ ಮೀನಿಗೆ, ಮೀನಿನಿಂದ ನಮ್ಮ ತಟ್ಟೆಗೆ ಬರುತ್ತದೆ. ಆದ್ದರಿಂದ ಪ್ರತಿ ಡಬ್ಬದ ಮೇಲೆ ಒಳಗಿರುವುದರ ಹೆಸರು, ದಿನಾಂಕ ಇರಬೇಕು. ಒಂದಕ್ಕೊಂದು ಕೂಡದವನ್ನು ಬೇರೆಬೇರೆ ಇಡಬೇಕು. ವಿಲೇವಾರಿಗೆ ಪರವಾನಗಿ ಇದ್ದವರಿಗೇ ಒಪ್ಪಿಸಿ ರಸೀದಿ ಪಡೆಯಬೇಕು.

ನಾವು ಅಮಾನತ್ ಎನ್ನುತ್ತೇವೆ: ನಂಬಿ ಒಪ್ಪಿಸಿದ್ದನ್ನು ಕಾಪಾಡುವ ಹೊಣೆ. ಜ್ಞಾನವೂ ಅಮಾನತ್ತೇ. ವಿಷದ ಗುಣ ಬಲ್ಲವನು ಅದನ್ನು ಹೇಳದೆ ದಾಟಿಸಿದರೆ, ಬಲ್ಲವನ ಪಾಪದ ಭಾರ ಅರಿಯದವನ ಮೈಮೇಲೆ ಬೀಳುತ್ತದೆ. ಮಾಯಾಪುರಿಯ ಆ ಕೂಲಿಯಾಳು ಪ್ರಯೋಗಾಲಯದ ಮೆಟ್ಟಿಲು ಹತ್ತಿದವನಲ್ಲ. ಪ್ರಯೋಗಾಲಯವೇ ಅವನನ್ನು ಹುಡುಕಿಕೊಂಡು ಬಂದಿತ್ತು.