ಗುದನಾಳದ ಕ್ಯಾನ್ಸರ್: ಹೊರಗಿನ ಗಾಯ ಚಿಕ್ಕದಾದರಷ್ಟೇ ಸಾಲದು

ತೊಕ್ಕೊಟ್ಟು: ನೇತ್ರಾವತಿ ಸೇತುವೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 66ರಿಂದ ದೇರಳಕಟ್ಟೆಯ ರಸ್ತೆ ಕವಲೊಡೆಯುವುದು ಇಲ್ಲಿಯೇ. ಆ ರಸ್ತೆಯಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಕೆ.ಎಸ್. ಹೆಗ್ಡೆ, ಯೆನೆಪೋಯ, ಕಣಚೂರು ಹೀಗೆ ಮೂರು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಜಿಲ್ಲೆಯವರಷ್ಟೇ ಅಲ್ಲ, ಗಡಿಯಾಚೆಯ ಕಾಸರಗೋಡಿನ ರೋಗಿಗಳೂ ಈ ಭಾಗದ ಆಸ್ಪತ್ರೆಗಳನ್ನು ನೆಚ್ಚಿಕೊಂಡಿದ್ದಾರೆ. ಆ ಅವಲಂಬನೆ ಎಷ್ಟೆಂಬುದು 2020ರ ಲಾಕ್‌ಡೌನ್ ವೇಳೆ ತಲಪಾಡಿ ಗಡಿ ಮುಚ್ಚಿದಾಗ ಎಲ್ಲರಿಗೂ ತಿಳಿಯಿತು. ಗುದನಾಳದ ಕ್ಯಾನ್ಸರ್ ಪತ್ತೆಯಾದ ರೋಗಿಯ ಮನೆಯವರಿಗೆ ಇಂದು ಎದುರಾಗುವ ಪ್ರಶ್ನೆ ಒಂದೇ: ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯೋ, ಲ್ಯಾಪರೊಸ್ಕೋಪಿಯೋ, ರೋಬೋಟೋ?

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂ.ಮೀ. ಭಾಗವೇ ಗುದನಾಳ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದೇ ಭಾವಿಸಿ ತಿಂಗಳುಗಟ್ಟಲೆ ಔಷಧ ಸೇವಿಸಿ, ರೋಗ ಬಲಿತ ಬಳಿಕ ತಜ್ಞರ ಬಳಿ ಬರುವವರು ಕಡಿಮೆಯೇನಲ್ಲ. ಈ ನಾಳ ಕಿರಿದಾದ ಸೊಂಟದ ಮೂಳೆಗೂಡಿನ ಆಳದಲ್ಲಿದೆ. ಮೂತ್ರಕೋಶ ಮತ್ತು ಲೈಂಗಿಕ ಕ್ರಿಯೆಯನ್ನು ನಿಯಂತ್ರಿಸುವ ನರಗಳು ಅದಕ್ಕೆ ಅಂಟಿದಂತೆಯೇ ಹಾದುಹೋಗುತ್ತವೆ. ಹೀಗಾಗಿ ಸರ್ಜನ್‌ಗೆ ಕೈಯಾಡಿಸಲು ಇಲ್ಲಿ ಸ್ಥಳವೇ ಇಲ್ಲ.

ಗುದನಾಳದ ಸುತ್ತ ದುಗ್ಧಗ್ರಂಥಿಗಳನ್ನು ಹೊತ್ತ ಕೊಬ್ಬಿನ ಹೊದಿಕೆಯೊಂದಿದೆ. ಕ್ಯಾನ್ಸರ್ ಮೊದಲು ಹರಡುವುದು ಅದರೊಳಕ್ಕೆ. ಹೊದಿಕೆಯನ್ನು ಹರಿಯದೆ, ಇಡಿಯಾಗಿ ಹೊರತೆಗೆಯಬೇಕೆಂಬ ತತ್ವವನ್ನು ಬ್ರಿಟನ್ನಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಮಂಡಿಸಿದರು. ಅದಕ್ಕೂ ಮುನ್ನ ಹತ್ತು ಮಂದಿಯಲ್ಲಿ ಇಬ್ಬರು ಮೂವರಿಗೆ ಅದೇ ಜಾಗದಲ್ಲಿ ರೋಗ ಮರುಕಳಿಸುತ್ತಿತ್ತು. ಈ ಕ್ರಮ ಬಂದ ಮೇಲೆ ಆ ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿಯಿತು. ನಂತರ ಬಂದ ಎಲ್ಲ ತಂತ್ರಗಳನ್ನೂ ಅಳೆಯಬೇಕಾದದ್ದು ಈ ಕೋಲಿನಿಂದಲೇ ಹೊರತು ಹೊಟ್ಟೆಯ ಮೇಲಿನ ಗಾಯದ ಉದ್ದದಿಂದಲ್ಲ.

ಲ್ಯಾಪರೊಸ್ಕೋಪಿಯಲ್ಲಿ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಲಾಗುತ್ತದೆ. ನೋವು ಮತ್ತು ರಕ್ತಸ್ರಾವ ಕಡಿಮೆ, ಮನೆಗೆ ಮರಳುವುದು ಬೇಗ. 1,044 ರೋಗಿಗಳನ್ನು ಒಳಗೊಂಡ 'ಕಲರ್-2' ಅಧ್ಯಯನದ 2015ರ ವರದಿಯಂತೆ, ಮೂರು ವರ್ಷಗಳಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸಿದ ಪ್ರಮಾಣ ತೆರೆದ ಮತ್ತು ಲ್ಯಾಪರೊಸ್ಕೋಪಿ ಗುಂಪುಗಳೆರಡರಲ್ಲೂ ಶೇ. 5. ಆದರೆ ಅದೇ ವರ್ಷ ಅಮೆರಿಕ ಮತ್ತು ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನಿಂದ ಬಂದ ಎರಡು ಅಧ್ಯಯನಗಳು ಹೊರತೆಗೆದ ಅಂಗಾಂಶದ ಗುಣಮಟ್ಟವನ್ನು ಪರಿಶೀಲಿಸಿ, ಲ್ಯಾಪರೊಸ್ಕೋಪಿ ತೆರೆದ ವಿಧಾನಕ್ಕೆ ಕಡಿಮೆಯಿಲ್ಲವೆಂದು ಸಾಬೀತಾಗಿಲ್ಲ ಎಂದವು. ಮುಂದೆ ಅದೇ ರೋಗಿಗಳನ್ನು ಎರಡು ವರ್ಷ ಗಮನಿಸಿದಾಗ ಬದುಕುಳಿಯುವಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂಬುದು ಸಮಾಧಾನದ ಸಂಗತಿ.

ರೋಬೋಟ್ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸರ್ಜನ್ ತುಸು ದೂರದಲ್ಲಿ ಕುಳಿತು ಅದರ ತೋಳುಗಳನ್ನು ಆಡಿಸುತ್ತಾರೆ. ಮೂರು ಆಯಾಮದ ದೃಶ್ಯ, ಮಣಿಕಟ್ಟಿನಂತೆ ಬಾಗುವ ಉಪಕರಣ, ನಡುಗದ ಹಿಡಿತ ಇದರ ಬಲ. 471 ರೋಗಿಗಳ 'ರೋಲಾರ್' ಅಧ್ಯಯನದಲ್ಲಿ (2017) ಅರ್ಧದಲ್ಲೇ ಹೊಟ್ಟೆ ತೆರೆಯಬೇಕಾಗಿ ಬಂದದ್ದು ರೋಬೋಟ್ ಗುಂಪಿನಲ್ಲಿ ಶೇ. 8.1, ಲ್ಯಾಪರೊಸ್ಕೋಪಿಯಲ್ಲಿ ಶೇ. 12.2. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಖಚಿತ ಗೆಲುವಲ್ಲ. ಆದರೆ ಚೀನಾದ 'ರಿಯಲ್' ಅಧ್ಯಯನ ಚಿತ್ರವನ್ನು ಬದಲಿಸಿತು. 1,171 ರೋಗಿಗಳ ಈ ಅಧ್ಯಯನದ 2025ರ ಫಲಿತಾಂಶದಂತೆ ಮೂರು ವರ್ಷಗಳಲ್ಲಿ ಸ್ಥಳೀಯವಾಗಿ ರೋಗ ಮರುಕಳಿಸಿದ್ದು ರೋಬೋಟ್ ಗುಂಪಿನಲ್ಲಿ ಶೇ. 1.6, ಲ್ಯಾಪರೊಸ್ಕೋಪಿಯಲ್ಲಿ ಶೇ. 4. ಅಲ್ಲಿ ಭಾಗವಹಿಸಿದವರು ನುರಿತ ಸರ್ಜನ್‌ಗಳೆಂಬುದನ್ನು ಮರೆಯುವಂತಿಲ್ಲ. ಯಂತ್ರ ಕೊಂಡ ಮಾತ್ರಕ್ಕೆ ಆ ಅಂಕಿ ಬರುವುದಿಲ್ಲ.

ಇದಕ್ಕೆ ನಾರ್ವೆಯ ಅನುಭವವೇ ಸಾಕ್ಷಿ. ಗಡ್ಡೆ ತೀರಾ ಕೆಳಗಿದ್ದಾಗ ಗುದದ್ವಾರದ ಕಡೆಯಿಂದ ಮೇಲ್ಮುಖವಾಗಿ ಹೊದಿಕೆ ಬಿಡಿಸುವ ವಿಧಾನ 2010ರಿಂದೀಚೆಗೆ ಜನಪ್ರಿಯವಾಯಿತು. ಆದರೆ ನಾರ್ವೆಯಲ್ಲಿ ಈ ವಿಧಾನದಿಂದ ಚಿಕಿತ್ಸೆ ಪಡೆದ 157 ಮಂದಿಯ ಪೈಕಿ 12 ಮಂದಿಗೆ ಸ್ಥಳೀಯವಾಗಿ ರೋಗ ಮರುಕಳಿಸಿದ್ದು ಕಂಡುಬಂದು, ಇಡೀ ದೇಶದಲ್ಲೇ ಅದನ್ನು ನಿಲ್ಲಿಸಲಾಯಿತು. ಅದೇ ವಿಧಾನ ಚೀನಾದ ಅನುಭವಿ ಕೇಂದ್ರಗಳಲ್ಲಿ ಲ್ಯಾಪರೊಸ್ಕೋಪಿಗೆ ಸರಿಸಮಾನವಾದ ಫಲ ನೀಡಿದೆ.

ರೋಗ ತೀರಾ ಆರಂಭದ ಹಂತದಲ್ಲಿದ್ದರೆ ಗುದದ್ವಾರದ ಮೂಲಕವೇ ಗಡ್ಡೆಯನ್ನಷ್ಟೇ ತೆಗೆಯಬಹುದು, ನಾಳ ಉಳಿಯುತ್ತದೆ. ದುಗ್ಧಗ್ರಂಥಿಗಳು ಒಳಗೇ ಉಳಿಯುವುದರಿಂದ ಆಯ್ದ ರೋಗಿಗಳಿಗೆ ಮಾತ್ರ ಇದು ಸೂಕ್ತ.

ಆದ್ದರಿಂದ ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಗಡ್ಡೆ ಗುದದ್ವಾರದಿಂದ ಎಷ್ಟು ಸೆಂ.ಮೀ. ಮೇಲಿದೆ? ಎಂಆರ್‌ಐಯಲ್ಲಿ ಹೊದಿಕೆಯ ಅಂಚಿಗೆ ತಾಗಿದೆಯೇ? ಮೊದಲು ವಿಕಿರಣ ಮತ್ತು ಕಿಮೋಥೆರಪಿ ಬೇಕೇ? ಮಲಚೀಲ ತಾತ್ಕಾಲಿಕವೋ, ಶಾಶ್ವತವೋ? ಸರ್ಜನ್ ಈ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತಾರೆ? ಶಸ್ತ್ರಚಿಕಿತ್ಸೆಯ ನಂತರ ಪೆಥಾಲಜಿ ವರದಿಯಲ್ಲಿ ಹೊದಿಕೆ ಪೂರ್ಣವಾಗಿ ಬಂದಿದೆಯೇ, ಅಂಚು 1 ಮಿ.ಮೀ.ಗಿಂತ ಹೆಚ್ಚು ಶುದ್ಧವಿದೆಯೇ ಎಂಬುದನ್ನೂ ಓದಿಸಿಕೊಳ್ಳಬೇಕು.

ಇನ್ನು ಖರ್ಚು. ರೋಬೋಟ್ ದುಬಾರಿ. ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಸೂಚಿಸಿದರೂ, ಮೊತ್ತಕ್ಕೆ ಮಿತಿ ಹೇರಲು ಕಂಪನಿಗಳಿಗೆ ಅವಕಾಶ ನೀಡಿತ್ತು. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಬೇಕಾದದ್ದು ಇದಕ್ಕಾಗಿಯೇ. ಸರ್ಕಾರಿ ಆರೋಗ್ಯ ಕಾರ್ಡನ್ನು ನೆಚ್ಚಿ ಬರುವವರು, ಅದರಲ್ಲೂ ಕೇರಳದ ಕಾರ್ಡುಳ್ಳವರು, ಯಾವ ವಿಧಾನಕ್ಕೆ ಎಷ್ಟು ಹಣ ಸಿಗುತ್ತದೆಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ಬರಹದಲ್ಲಿ ಪಡೆದುಕೊಳ್ಳುವುದು ಒಳಿತು.