ಭೂಮಿಗೆ ಬಯಕೆಯೂಟ, ಕಣದಲ್ಲಿ ಪಾಲು

ಆಶ್ವಯುಜ ಮಾಸದ ಹುಣ್ಣಿಮೆಯ ಹಿಂದಿನ ರಾತ್ರಿ ತರೀಕೆರೆ, ಅಜ್ಜಂಪುರ, ಕಡೂರು ಕಡೆಯ ರೈತರ ಮನೆಗಳಲ್ಲಿ ಒಲೆ ಆರುವುದು ತಡ. ಹೆಂಗಸರು ಸೊಪ್ಪು ಸೋಸಿ ಬೇಯಿಸುತ್ತಾರೆ, ಕಡುಬಿಗೆ ಹಿಟ್ಟು ಕಲಸುತ್ತಾರೆ. ಬೆಳಗಿನ ಜಾವ ಮನೆಯ ಗಂಡಸು ಬುಟ್ಟಿ ಹೊತ್ತು ಹೊಲದ ಹಾದಿ ಹಿಡಿಯುತ್ತಾನೆ. ಬದುವಿನುದ್ದಕ್ಕೂ ನಡೆಯುತ್ತ, ಭೂಮಿತಾಯಿಯನ್ನು ಊಟಕ್ಕೆ ಕರೆಯುತ್ತ, ಸೊಪ್ಪು ಬೆರೆಸಿದ ಅನ್ನವನ್ನು ಪೈರಿಗೆ ಬೀರುತ್ತಾನೆ. ಹೊತ್ತೇರಿದ ಮೇಲೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಇದೇ ಭೂಮಿ ಹುಣ್ಣಿಮೆ. ಬಯಲುಸೀಮೆಯ ಅನೇಕ ಊರುಗಳಲ್ಲಿ ಸೀಗೆ ಹುಣ್ಣಿಮೆ.

ಬೆಳೆ ಕೊಟ್ಟ ನೆಲವನ್ನೋ ದೇವರನ್ನೋ ನೆನೆಯುವ ಹಬ್ಬ ಇಲ್ಲದ ಬೇಸಾಯದ ನಾಡು ಅಪರೂಪ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆಚರಿಸುವ 'ಥ್ಯಾಂಕ್ಸ್‌ಗಿವಿಂಗ್' ಅಂಥದೊಂದು. ಇಂಗ್ಲೆಂಡಿನಿಂದ ಪ್ಲಿಮತ್‌ಗೆ ಹೋಗಿ ನೆಲೆಸಿದವರು 1621ರಲ್ಲಿ ಮೊದಲ ಕೊಯ್ಲು ಮುಗಿಸಿ, ಅಲ್ಲಿನ ವಾಂಪನೋಗ್ ಜನರೊಂದಿಗೆ ಕುಳಿತು ಉಂಡ ನೆನಪು ಅದರ ಹಿಂದಿದೆ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅದನ್ನು ದೇಶಕ್ಕೆಲ್ಲ ಒಂದೇ ದಿನದ ಆಚರಣೆಯಾಗಿ ಘೋಷಿಸಿದರು. ಅದು ಕಣಜ ತುಂಬಿದ ಮೇಲಿನ ಹಬ್ಬ. ಭೂಮಿ ಹುಣ್ಣಿಮೆಯಾದರೋ ಒಂದು ಕಾಳೂ ಮನೆ ಸೇರುವ ಮೊದಲೇ ಬರುತ್ತದೆ. ಪಡೆಯುವುದಕ್ಕೆ ಮುಂಚೆಯೇ ಕೃತಜ್ಞತೆ ಏಕೆ?

ಉತ್ತರ ರೈತರ ಮಾತಿನಲ್ಲೇ ಇದೆ. ಬತ್ತ ತೆನೆ ಬಿಡುವ ಮುನ್ನ ಅದು 'ಹೊಡೆ'ಯಾಗಿದೆ ಎನ್ನುತ್ತಾರೆ; ಪೈರು ಬಸಿರಾಗಿದೆ ಎಂದರೂ ಅದೇ ಅರ್ಥ. ಬಸುರಿಗೆ ಬಯಕೆಯೂಟ ಹಾಕುವುದು ಹೆರಿಗೆಯಾದ ಮೇಲಲ್ಲ. ಆಕೆಯ ಮಡಿಲು ತುಂಬುವಂತೆಯೇ ಇಲ್ಲಿ ಪೈರಿಗೆ ಅರಿಶಿನ ಕುಂಕುಮ ಹಚ್ಚಿ, ರವಿಕೆ ಕಣ, ಬಳೆ ಇಟ್ಟು ಪೂಜಿಸುತ್ತಾರೆ. ಕೆಲವರು ಮನೆಯೊಡತಿಯ ಒಡವೆಯನ್ನೇ ಪೈರಿಗೆ ತೊಡಿಸಿ ತೆಗೆಯುವುದುಂಟು. ಇಲ್ಲಿ ಕೃತಜ್ಞತೆಗೆ ಆರೈಕೆಯ ರೂಪವಿದೆ.

ಊಟವೂ ಸರಳ. ಬೇಲಿ, ಹಿತ್ತಲು, ಬದುಗಳಲ್ಲಿ ತಾನೇ ಹುಟ್ಟಿದ ಬೆರಕೆ ಸೊಪ್ಪು, ಕುಂಬಳ, ಸೌತೆ, ಕಡುಬು, ಚಿತ್ರಾನ್ನ, ಮೊಸರನ್ನ. ಹಳೆಯ ದವಸ ತಳ ಕಾಣುವ, ಹೊಸದು ಇನ್ನೂ ಬಾರದ ಕಾಲ ಅದು. ಇದ್ದುದರಲ್ಲೇ ಹಬ್ಬ ಮಾಡಬೇಕಿತ್ತು. ಎಡೆ ಇಟ್ಟ ಮೇಲೆ ಮೊದಲ ತುತ್ತು ಕಾಗೆಗೆ, ಇಲಿಗೆ. ಬೆಳೆ ತಿನ್ನುವ ಜೀವಗಳಿಗೂ ಅದರಲ್ಲಿ ಪಾಲಿದೆ. ಮಲೆನಾಡಿನ ಕೆಲವೆಡೆ ಗದ್ದೆಯಲ್ಲೊಂದು ಕಡುಬು ಹೂತು, ಕೊಯ್ಲಿನ ದಿನ ಅದನ್ನು ಹೊರತೆಗೆಯುವ ಪದ್ಧತಿಯೂ ಇದೆ.

ಬುತ್ತಿ ಹೊರುವ ಬುಟ್ಟಿಯನ್ನು ಕಲೆಯಾಗಿಸಿದವರು ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು. ಅವರ 'ಭೂಮಣ್ಣಿ ಬುಟ್ಟಿ' ಈಗ ನಾಡಿಗೆಲ್ಲ ಪರಿಚಿತ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಬತ್ತದ ಸಸಿ, ತೆನೆ, ಬಳ್ಳಿಗಳೇ ಚಿತ್ರಗಳು. ನವರಾತ್ರಿಯ ವೇಳೆಗೆ ಕೆಲಸ ಆರಂಭವಾಗುತ್ತದೆ. ಅಂಗಡಿಯಿಂದ ತರುವುದು ಏನೂ ಇಲ್ಲ. ಅಜ್ಜಿ ಬರೆದ ಎಳೆಯನ್ನು ಮೊಮ್ಮಗಳು ಕಲಿಯುತ್ತಾಳೆ. ಬುಟ್ಟಿ ಸವೆದರೂ ಚಿತ್ತಾರ ಮನೆಯಲ್ಲಿ ಉಳಿಯುತ್ತದೆ.

ಈ ಮೂರು ಊರುಗಳ ನೆಲ ಒಂದೇ ತೆರನಲ್ಲ. ತರೀಕೆರೆಯ ಪಶ್ಚಿಮಕ್ಕೆ ಕಾಡು, ಬತ್ತದ ಗದ್ದೆ, ಅಡಕೆ ತೋಟ. ಮೊದಲು ತರೀಕೆರೆಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರದಲ್ಲಿ ಹುಲ್ಲುಗಾವಲಿನ ಕಾವಲುಗಳು, ಈರುಳ್ಳಿ ಬೆಳೆಯುವ ಹೊಲಗಳು. ಬಾಬಾಬುಡನ್ ಗಿರಿಯ ಮರೆಗೆ ಬಿದ್ದ ಕಡೂರು ಮಳೆಯ ಕೊರತೆಯ ಸೀಮೆ. ರಾಗಿ, ತೆಂಗು ಅಲ್ಲಿನ ಆಸರೆ. ಅಯ್ಯನಕೆರೆ, ಮದಗದ ಕೆರೆಗಳು ತುಂಬಿದರೆ ಅಲ್ಲಿ ಬಾಗಿನ ಬಿಡುವುದೇ ಒಂದು ಹಬ್ಬ. ನೆಲ ಬೇರೆಯಾದರೂ ಹುಣ್ಣಿಮೆ ಒಂದೇ.

ಆದರೆ ಭೂಮಿ ಹುಣ್ಣಿಮೆ ಕೃತಜ್ಞತೆಯ ಅರ್ಧಭಾಗ ಮಾತ್ರ. ಉಳಿದರ್ಧ ನಡೆಯುತ್ತಿದ್ದುದು ಸುಗ್ಗಿಯ ಕಣದಲ್ಲಿ. ನೆಲ ಗಟ್ಟಿಸಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಕಣ ಮಾಡುತ್ತಿದ್ದರು. ಎತ್ತು ಕಟ್ಟಿ ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಗಾಳಿಗೆ ತೂರಿ ರಾಶಿ ಹಾಕಿದ ಮೇಲೆ ಸಗಣಿಯ ಬೆನಕನನ್ನಿಟ್ಟು ಪೂಜೆ. ಕಣಕ್ಕೆ ಚಪ್ಪಲಿ ಮೆಟ್ಟಿ ಯಾರೂ ಬರುವಂತಿರಲಿಲ್ಲ. ಕೊಳಗದಲ್ಲಿ ಅಳೆಯುವಾಗ ಮೊದಲನೆಯದನ್ನು 'ಒಂದು' ಎನ್ನದೆ 'ಲಾಭ' ಎಂದೇ ಎಣಿಸುತ್ತಿದ್ದರು. ಬೆಳೆಗೆ ಹೆಗಲು ಕೊಟ್ಟ ಎತ್ತುಗಳಿಗೂ ಮನ್ನಣೆಯಿತ್ತು. ಮೈಸೂರು ಅರಸರ ಕಾಲದಿಂದ ಹೆಸರಾದ ಅಮೃತ ಮಹಲ್ ರಾಸುಗಳ ಶುದ್ಧ ತಳಿಯ ಹಿಂಡನ್ನು 1929ರಲ್ಲಿ ಕಟ್ಟಿದ್ದು ಈ ಅಜ್ಜಂಪುರದಲ್ಲೇ.

ರಾಶಿ ಮನೆಗೆ ಹೋಗುವ ಮುನ್ನ ಪಾಲು ಹಂಚಿಕೆಯಾಗುತ್ತಿತ್ತು. ನೇಗಿಲು ಮಾಡಿದ ಬಡಗಿ, ಕುಳ ಹಣಿದ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಅಗಸ, ಕ್ಷೌರಿಕ, ಕೆರೆಯ ನೀರು ಹಂಚಿದ ನೀರಗಂಟಿ, ಊರು ಕಾಯುವ ತಳವಾರ, ತೋಟಿ ಎಲ್ಲರಿಗೂ ಆಯ ಸಲ್ಲಬೇಕು. ಆಯ ಪಡೆಯುವವರಾದ್ದರಿಂದಲೇ ಅವರು ಆಯಗಾರರು. ಇದನ್ನು ಬಣ್ಣ ಕಟ್ಟಿ ನೋಡಬೇಕಾಗಿಲ್ಲ. ಅದು ದಾನವಲ್ಲ, ವರ್ಷವಿಡೀ ದುಡಿದ ಕೂಲಿ. ಹುಟ್ಟಿನಿಂದ ಅಂಟಿದ ಕೆಲಸ. ಕಣದಂಚಿನಲ್ಲಿ ದೂರ ನಿಂತು ಮೊರ ಒಡ್ಡಬೇಕಾದ ಅವಮಾನವೂ ಅದರಲ್ಲಿತ್ತು. ಆದರೂ ಬೆಳೆ ಒಬ್ಬನಿಂದ ಬಂದದ್ದಲ್ಲ ಎಂಬ ಲೆಕ್ಕ ಅಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತಿತ್ತು.

ಆ ಲೆಕ್ಕ ಹಲವು ಕಾರಣಗಳಿಂದ ಮುಗಿಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು, ಅದು ಆಗಬೇಕಾದದ್ದೇ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ನೀರಾವರಿ ಹಬ್ಬಿದಂತೆ ಅಡಕೆ, ತೆಂಗಿನ ತೋಟಗಳೂ ಹಬ್ಬಿದವು. ತೋಟದ ಬೆಳೆಗೆ ಕಣ ಬೇಕಿಲ್ಲ. ರಾಗಿ ಬೆಳೆಯುವಲ್ಲಿಯೂ ಒಕ್ಕಣೆ ಮೊದಲು ಡಾಂಬರು ರಸ್ತೆಗೆ ಬಂತು, ಆಮೇಲೆ ಯಂತ್ರಕ್ಕೆ ಹೋಯಿತು. ಕೂಲಿ ಹಣದಲ್ಲಿ ತೀರಿತು. ಹಣ ಕೊಟ್ಟರೆ ಋಣ ತೀರಿತೆಂಬ ಭಾವನೆಯೂ ಜೊತೆಗೇ ಬಂತು.

ಭೂಮಿ ಹುಣ್ಣಿಮೆ ಮಾತ್ರ ಉಳಿಯಿತು. ಅದಕ್ಕೆ ಬೇಕಾದದ್ದು ಒಂದು ಹೊಲ, ಒಂದು ಬುತ್ತಿ, ಒಂದು ಕುಟುಂಬ ಅಷ್ಟೇ. ಊರು ಬಿಟ್ಟು ಬೆಂಗಳೂರು ಸೇರಿದ ಮಕ್ಕಳೂ ಬಿಡುವಾದರೆ ಆ ದಿನ ಬರುತ್ತಾರೆ. ಬತ್ತವಿಲ್ಲದಿದ್ದರೆ ಅಡಕೆ ಮರದ ಬುಡಕ್ಕೇ ಎಡೆ ಇಡುತ್ತಾರೆ. ನೆಲಕ್ಕೆ ಸಲ್ಲುವ ಕೃತಜ್ಞತೆ ಹೀಗೆ ಮನೆಯೊಳಗೆ ಭದ್ರವಾಯಿತು. ಜೊತೆಗೆ ದುಡಿದವರಿಗೆ ಸಲ್ಲುವುದು ಕಣದೊಂದಿಗೆ ಹೋಯಿತು. ಸಮಾನರ ನಡುವೆ ಅದು ಹೊಸ ರೂಪದಲ್ಲಿ ಹುಟ್ಟಬೇಕಿತ್ತು, ಇನ್ನೂ ಹುಟ್ಟಿಲ್ಲ.

ಅದರ ಒಂದು ಎಳೆ ಮಾತ್ರ ಹುಣ್ಣಿಮೆಯ ದಿನ ಇನ್ನೂ ಕಾಣುತ್ತದೆ. ಪೂಜೆ ಮುಗಿಸಿ ಮನೆಮಂದಿ ಮರದಡಿ ಊಟಕ್ಕೆ ಕುಳಿತಾಗ, ಪಕ್ಕದ ಹೊಲದವರನ್ನೂ ಹಾದಿಯಲ್ಲಿ ಹೋಗುವವರನ್ನೂ ಕರೆದು ಎಲೆ ಹಾಕುತ್ತಾರೆ. ಬುತ್ತಿಯನ್ನು ಎಣಿಸಿದ ತಲೆಗಳಿಗಿಂತ ಹೆಚ್ಚಾಗಿ ಕಟ್ಟಿರುವುದು ಅದಕ್ಕಾಗಿಯೇ.