ಎರವಲು ರಸ್ತೆಯ ಮೇಲೆ ಒಂದು ಓಟ

ಬೇಗಂ ಬಜಾರಿನಲ್ಲಿ ವೇಗದ ಮಾತು ನಡೆಯುವುದಿಲ್ಲ. ಹಿತ್ತಾಳೆ ಪಾತ್ರೆ, ಒಣಹಣ್ಣು, ಮಸಾಲೆ ಸಾಮಾನಿನ ಅಂಗಡಿಗಳ ನಡುವಿನ ಓಣಿಯಲ್ಲಿ ತಳ್ಳುಗಾಡಿಯೊಂದು ಮುಂದೆ ಹೊರಟಿತೆಂದರೆ, ಹಿಂದೆ ಎಂಥ ದುಬಾರಿ ಕಾರಿದ್ದರೂ ಅದರ ನಡಿಗೆಗೇ ಹೆಜ್ಜೆ ಹಾಕಬೇಕು. ಎರಡನೆಯ ನಿಜಾಮ ಅಲಿ ಖಾನನ ಬೇಗಂ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ಜಾಗವಾದ್ದರಿಂದ ಈ ಹೆಸರು ಬಂತೆಂದು ಊರವರು ಹೇಳುತ್ತಾರೆ. ಬೀದರ್, ಕಲಬುರಗಿ ಕಡೆಯ ಅಂಗಡಿಕಾರರಿಗೆ ಇದು ಇವತ್ತಿಗೂ ಸಗಟು ಖರೀದಿಯ ಪೇಟೆ. ಅವರ ಅಜ್ಜಂದಿರಿಗಂತೂ ಹೈದರಾಬಾದ್ ಪರಊರಾಗಿರಲಿಲ್ಲ, ರಾಜಧಾನಿಯೇ ಆಗಿತ್ತು.

ಇಂಥ ಪೇಟೆಯಿಂದ ಉತ್ತರಕ್ಕೆ ನಾಲ್ಕು ಕಿ.ಮೀ. ಆಸುಪಾಸಿನಲ್ಲಿ, ಹುಸೇನ್ ಸಾಗರದ ದಂಡೆಯ ಮೇಲೆ, 2023ರ ಫೆಬ್ರುವರಿ 11ರ ಶನಿವಾರ ಮಧ್ಯಾಹ್ನ 22 ಕಾರುಗಳು ಸಾಲಾಗಿ ನಿಂತವು. ಚಕ್ರಗಳು ಮೈಯಿಂದ ಹೊರಗೆ, ಚಾಲಕನೊಬ್ಬನಿಗೆ ಮಾತ್ರ ಜಾಗ, ಹೊಗೆ ಇಲ್ಲ, ಗುಡುಗೂ ಇಲ್ಲ. ಬ್ಯಾಟರಿ ಕಾರುಗಳ ರೇಸಾದ ಫಾರ್ಮುಲಾ ಇ ಭಾರತಕ್ಕೆ ಬಂದದ್ದು ಅದೇ ಮೊದಲು. ಇಲ್ಲಿಯವರೆಗೆ ಅದೇ ಕೊನೆಯದೂ ಹೌದು.

ಕೆರೆಯನ್ನು ಕಟ್ಟಿಸಿದ್ದು ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 16ನೆಯ ಶತಮಾನದಲ್ಲಿ. ಅದರ ಅಂಚಿನ ಎನ್‌ಟಿಆರ್ ಮಾರ್ಗ, ನೆಕ್ಲೇಸ್ ರಸ್ತೆ, ಸಚಿವಾಲಯದ ಮಗ್ಗುಲು ಎಲ್ಲವನ್ನೂ ಕಾಂಕ್ರೀಟ್ ತಡೆಗೋಡೆಗಳಿಂದ ಸುತ್ತುವರಿದು, 18 ತಿರುವುಗಳ, ಸುಮಾರು 2.8 ಕಿ.ಮೀ.ಗಳ ಪಥವನ್ನು ಮಾಡಿದರು. ಸುತ್ತಮುತ್ತ ಸಂಚಾರ ಕಟ್ಟಿಹೋಗಿ ನಗರದ ಜನ ಬೈದುಕೊಂಡರು. ಬೈದುಕೊಂಡವರಲ್ಲೇ ಒಂದಿಷ್ಟು ಜನ ಟಿಕೆಟ್ ಕೊಂಡು ಒಳಗೂ ಹೋದರು ಅನ್ನಿ.

ಹೈದರಾಬಾದಿಗೆ ಮೋಟಾರು ಹೊಸದಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಇಂಗ್ಲೆಂಡಿನಲ್ಲಿ ಹೇಳಿ ಮಾಡಿಸಿದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿನ ಹಿಂಭಾಗದಲ್ಲಿ ಕುರ್ಚಿಯ ಬದಲು ಸಿಂಹಾಸನವೇ ಇತ್ತು. ಕಾರು ಊರಿಗೆ ಬರುವಷ್ಟರಲ್ಲಿ, 1911ರಲ್ಲೇ, ಅವನು ತೀರಿಕೊಂಡಿದ್ದ. ಆಮೇಲೆ ಅದು ಮೆರವಣಿಗೆಗೆ ಬಿಟ್ಟರೆ ಹೆಚ್ಚು ಓಡಲೇ ಇಲ್ಲ. ಮೋಟಾರು ಸಾಮಾನ್ಯರ ಕೈಗೆಟುಕಿದ್ದು 1932ರಲ್ಲಿ, ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಶುರುವಾದಾಗ. ಒಂದು ಕಡೆ ಓಡದ ಸಿಂಹಾಸನ, ಇನ್ನೊಂದು ಕಡೆ ತುಂಬಿ ಓಡುವ ಬಸ್ಸು. ಪಂದ್ಯದ ಕಾರಿಗೆ ಬೇಕಾದ ನಡುವಿನ ಜಾಗ ನಿಜಾಮರ ಊರಿನಲ್ಲಿ ಇರಲಿಲ್ಲ.

ಆ ಜಾಗ ಸಿಕ್ಕಿದ್ದು ಮದ್ರಾಸಿನ ಬದಿಯಲ್ಲಿ, ಅದೂ ಎರವಲಾಗಿ. ಎರಡನೆಯ ಮಹಾಯುದ್ಧಕ್ಕೆಂದು ಹಾಕಿ, ಯುದ್ಧ ಮುಗಿದ ಮೇಲೆ ಬೇಡವಾದ ವಿಮಾನಪಟ್ಟಿಯೊಂದು ಷೋಳಾವರಂನಲ್ಲಿತ್ತು. 1950ರ ದಶಕದಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ವರ್ಷವರ್ಷವೂ ರೇಸು ನಡೆಸತೊಡಗಿತು. ಕಲ್ಕತ್ತದ ಬಳಿಯ ಬ್ಯಾರಕ್‌ಪುರ, ಬೆಂಗಳೂರಿನ ಅಗರಂ, ಯಲಹಂಕ, ಎಲ್ಲ ಕಡೆಯೂ ಇದೇ ಕಥೆ. ವಿಮಾನದ ನೆಲವನ್ನು ಎರಡು ದಿನಕ್ಕೆ ಕೇಳಿ ಪಡೆದು, ಓಡಿಸಿ, ವಾಪಸ್ ಕೊಟ್ಟು ಬರುವುದು. ಬೆಂಗಳೂರಿನ ಮದ್ಯದ ಉದ್ಯಮಿ ವಿಜಯ್ ಮಲ್ಯ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ತರಿಸಿ ಓಡಿಸಿದ್ದು ಷೋಳಾವರಂನಲ್ಲೇ. ಪಕ್ಕದಲ್ಲಿ ಗೊಂಡಲ್‌ನ ಮಹಾರಾಜರು, ಅವರ ಹಿಂದೆ ಗ್ಯಾರೇಜಿನಲ್ಲೇ ಬಡಿದು ಕೂಡಿಸಿದ ಫಿಯೆಟ್, ಅಂಬಾಸಿಡರುಗಳು. ಹಣವಿದ್ದವನು ಕೊಳ್ಳುತ್ತಿದ್ದ, ಇಲ್ಲದವನು ಕಟ್ಟುತ್ತಿದ್ದ.

ಕಟ್ಟಿದವರಲ್ಲಿ ದೊಡ್ಡ ಹೆಸರು ಕೊಯಮತ್ತೂರಿನ ಎಸ್. ಕರಿವರ್ಧನ್. ಗಿರಣಿ ಮಾಲೀಕರ ಮನೆಯವರು. ಹಣವಿದ್ದೂ ಕಟ್ಟುವ ಹುಚ್ಚು. 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ತೆಗೆದು, ಚಕ್ರ ಹೊರಚಾಚಿದ ಪುಟ್ಟ ಸಿಂಗಲ್ ಸೀಟರ್ ಒಂದನ್ನು ಸಿದ್ಧಮಾಡಿ ‘ಫಾರ್ಮುಲಾ ಮಾರುತಿ’ ಎಂದು ಕರೆದರು. ಆ ಎಂಜಿನ್ನಿನ ಸಾಮರ್ಥ್ಯ 796 ಸಿಸಿ. ಊರೂರಿನ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡು ಬಿಚ್ಚಬಲ್ಲ ಎಂಜಿನ್ ಅದು, ಬಿಡಿಭಾಗ ಯಾವ ಪೇಟೆಯಲ್ಲೂ ಸಿಗುತ್ತಿತ್ತು. ವಿದೇಶಿ ಹಳೆಯ ಕಾರು ತರಿಸಲಾಗದ ಹುಡುಗರಿಗೆ ಬಾಗಿಲು ತೆರೆದದ್ದು ಇದು. ನಾರಾಯಣ್ ಕಾರ್ತಿಕೇಯನ್ ರೇಸಿಗೆ ಕಾಲಿಟ್ಟದ್ದು ಇದೇ ಕಾರಿನಲ್ಲಿ. 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ಅವರು. ಕರಿವರ್ಧನ್ ಅದನ್ನು ನೋಡಲಿಲ್ಲ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1990ರ ಹೊತ್ತಿಗೆ ಶ್ರೀಪೆರುಂಬುದೂರಿನ ಬಳಿ ಇರುಂಗಾಟುಕೋಟೈಯಲ್ಲಿ ಮದ್ರಾಸ್ ಕ್ಲಬ್ಬಿನ ಸ್ವಂತ ಟ್ರ್ಯಾಕ್ ಆಗಿತ್ತು, 2003ರಲ್ಲಿ ಕೊಯಮತ್ತೂರಿನಲ್ಲಿ ಕರಿ ಹೆಸರಿನದೂ ಆಯಿತು. ಆ ಎರಡು ಟ್ರ್ಯಾಕುಗಳಲ್ಲಿ ಇಂದಿಗೂ ರೇಸು ನಡೆಯುತ್ತಿದೆ. ಬೆಂಗಳೂರಿಗೆ ಮಾತ್ರ ಅಂಥ ಸ್ವಂತ ನೆಲ ಒದಗಿಬರಲಿಲ್ಲ. ಕನ್ನಡದ ಹುಡುಗರು ಅಭ್ಯಾಸಕ್ಕೆ ಗಡಿ ದಾಟಬೇಕಾಯಿತು.

ಬೆಂಗಳೂರು ಕೊಟ್ಟದ್ದು ಬೇರೆಯದೇ ಒಂದನ್ನು. 2001ರಲ್ಲಿ ಚೇತನ್ ಮೈನಿ ಅಲ್ಲಿಂದ ರಸ್ತೆಗಿಳಿಸಿದ ‘ರೇವಾ’ ಎಂಬ ಬ್ಯಾಟರಿ ಕಾರು ಎರಡು ಬಾಗಿಲಿನ ಗುಬ್ಬಚ್ಚಿಯಂತಿತ್ತು. ಊರಲ್ಲಿ ನಕ್ಕವರೇ ಹೆಚ್ಚು, ಲಂಡನ್ನಿನಲ್ಲಿ ಕೊಂಡವರೂ ಇದ್ದರು. 2010ರಲ್ಲಿ ಮಹೀಂದ್ರಾ ಕಂಪನಿ ಅದರ ಬಹುಪಾಲು ಷೇರು ಕೊಂಡಿತು. ನಾಲ್ಕೇ ವರ್ಷಕ್ಕೆ, 2014ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಲ್ಲಿ ಫಾರ್ಮುಲಾ ಇ ಆರಂಭವಾದಾಗ ಮೊದಲ ಹತ್ತು ತಂಡಗಳಲ್ಲಿ ಮಹೀಂದ್ರಾವೂ ಒಂದು. ಚೇತನ್ ಅಣ್ಣನ ಮಕ್ಕಳಾದ ಅರ್ಜುನ್ ಮತ್ತು ಕುಶ್ ಮೈನಿ ಯುರೋಪಿನ ಸಿಂಗಲ್ ಸೀಟರ್ ಹಾದಿ ಹಿಡಿದರು. 2025ರ ಮೇ ತಿಂಗಳಲ್ಲಿ ಕುಶ್ ಮೊನಾಕೊದ ಫಾರ್ಮುಲಾ ಟು ಸ್ಪ್ರಿಂಟ್ ಗೆದ್ದದ್ದು ಅಲ್ಲಿ ಭಾರತೀಯನೊಬ್ಬನ ಮೊದಲ ಗೆಲುವು. ಮೊನಾಕೊ ಕೂಡ ಎರವಲು ರಸ್ತೆಯೇ. ಆದರೆ ಅಲ್ಲಿ ಆ ಎರವಲು 1929ರಿಂದ ನಡೆದುಬಂದಿದೆ.

ಹುಸೇನ್ ಸಾಗರದ ಓಟಕ್ಕೆ ಬಂದ ಕಾರು ಹತ್ತಿರದಿಂದ ನೋಡಿದರೆ ವಿಚಿತ್ರ. ಚಾಲಕನೂ ಸೇರಿ 840 ಕೆ.ಜಿ., ಮೋಟಾರಿನ ಶಕ್ತಿ 350 ಕಿಲೋವ್ಯಾಟ್. ಹಿಂದಿನ ಚಕ್ರಗಳಿಗೆ ಸಾಮಾನ್ಯ ಕಾರಿನಂತೆ ಎಣ್ಣೆ ಒತ್ತಡದ ಬ್ರೇಕೇ ಇಲ್ಲ. ಚಾಲಕ ಕಾಲು ಒತ್ತಿದರೆ ಮೋಟಾರು ತಿರುಗುಮುರುಗಾಗಿ ಜನರೇಟರಿನಂತೆ ಕೆಲಸ ಮಾಡಿ, ಓಟದ ರಭಸವನ್ನೇ ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಓಟದಲ್ಲಿ ಖರ್ಚಾಗುವ ಶಕ್ತಿಯ ಶೇ. 40ರಷ್ಟು ಹೀಗೆ ಹಿಂದಿರುಗಿ ಬಂದದ್ದೇ. ಹೀಗಾಗಿ ಮುಂದಿರುವವನೆಲ್ಲ ಗೆಲ್ಲುತ್ತಾನೆಂದಿಲ್ಲ. ತಿರುವಿಗೆ ಮುಂಚೆ ಎಲ್ಲಿ ಕಾಲು ತೆಗೆಯಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಬರಬೇಕು. ಬೇಗಂ ಬಜಾರಿನ ಗಲ್ಲೆಯ ಮೇಲೆ ಕೂತ ಶೇಠಜಿಗೆ ಈ ಆಟವನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅಂದು ಮುಂಚೂಣಿಯಲ್ಲಿ ಹೊರಟಿದ್ದು ಜಾಗ್ವಾರ್‌ನ ಮಿಚ್ ಇವಾನ್ಸ್. ಜಾಗ್ವಾರ್ ಟಾಟಾದವರ ಒಡೆತನದ್ದು, ಅಂದರೆ ಅದಕ್ಕೂ ಇದು ಒಂದು ಬಗೆಯ ತವರು. ಆದರೆ ಹೇರ್‌ಪಿನ್ ತಿರುವಿನಲ್ಲಿ ಅದೇ ತಂಡದ ಸ್ಯಾಮ್ ಬರ್ಡ್ ಒಳನುಗ್ಗಲು ಹೋಗಿ ಇವಾನ್ಸ್‌ಗೇ ಡಿಕ್ಕಿ ಹೊಡೆದ. ಒಂದೇ ಮನೆಯ ಇಬ್ಬರೂ ಆಟದಿಂದ ಆಚೆ. ಕೊನೆಗೆ ಡಿಎಸ್ ಪೆನ್ಸ್ಕಿಯ ಜಾನ್ ಎರಿಕ್ ವೆರ್ನ್, ಬ್ಯಾಟರಿಯಲ್ಲಿ ತನಗಿಂತ ಹೆಚ್ಚು ಉಳಿಸಿಕೊಂಡು ಬೆನ್ನು ಹತ್ತಿದ್ದ ನಿಕ್ ಕ್ಯಾಸಿಡಿಯನ್ನು ಅರ್ಧ ಸೆಕೆಂಡೂ ಇಲ್ಲದ ಅಂತರದಲ್ಲಿ ತಡೆದು ಗೆದ್ದ. ಮಹೀಂದ್ರಾದ ಆಲಿವರ್ ರೋಲೆಂಡ್ ಆರನೆಯವನು. ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ ಇರುವ ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಗೇ ಸೇರಿತ್ತು ಎಂಬುದನ್ನು ಆ ದಿನ ಯಾರೂ ನೆನೆಯಲಿಲ್ಲ, ನೆನೆಯಬೇಕಾದ ಕಾರಣವೂ ಇರಲಿಲ್ಲ.

ಇದಕ್ಕೂ ಮುಂಚೆ, 2022ರ ನವೆಂಬರಿನಲ್ಲಿ, ಇದೇ ರಸ್ತೆಗಳಲ್ಲಿ ಇಂಡಿಯನ್ ರೇಸಿಂಗ್ ಲೀಗಿನ ಓಟ ಏರ್ಪಾಡಾಗಿತ್ತು. ಅಪಘಾತ, ವಿಳಂಬಗಳಲ್ಲಿ ಸಿಕ್ಕಿ ಮೊದಲ ವಾರಾಂತ್ಯ ಅಂದುಕೊಂಡಂತೆ ನಡೆಯಲಿಲ್ಲ. ಊರ ರಸ್ತೆಯನ್ನು ಟ್ರ್ಯಾಕು ಮಾಡುವುದು ಪಥಕ್ಕೆ ಡಾಂಬರು ಬಳಿದಷ್ಟು ಸಲೀಸಲ್ಲ ಎಂಬುದು ಅಲ್ಲೇ ಗೊತ್ತಾಗಿತ್ತು.

2024ರ ಫೆಬ್ರುವರಿಗೆ ಎರಡನೆಯ ಓಟ ಗೊತ್ತಾಗಿತ್ತು. 2023ರ ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಸರ್ಕಾರ ಬದಲಾಯಿತು. 2024ರ ಜನವರಿ ಮೊದಲ ವಾರದಲ್ಲಿ, ಆತಿಥ್ಯದ ಒಪ್ಪಂದವನ್ನು ಹೊಸ ಸರ್ಕಾರ ಪಾಲಿಸುತ್ತಿಲ್ಲವೆಂದು ಹೇಳಿ ಸಂಘಟಕರು ಓಟವನ್ನು ರದ್ದುಪಡಿಸಿದರು. ಹಣ ಸಂದಾಯದ ಬಗ್ಗೆ ಅದೇ ವರ್ಷದ ಕೊನೆಗೆ ಭ್ರಷ್ಟಾಚಾರ ನಿಗ್ರಹ ದಳದ ಪ್ರಕರಣವೂ ದಾಖಲಾಯಿತು. ನೋಯ್ಡಾ ಬಳಿಯ ಬುದ್ಧ ಸರ್ಕೀಟಿನಲ್ಲಿ ಫಾರ್ಮುಲಾ ಒನ್ 2011ರಿಂದ 2013ರವರೆಗೆ ಮೂರು ಓಟ ನಡೆಸಿ, ತೆರಿಗೆಯ ತಕರಾರಿನಲ್ಲಿ ನಿಂತುಹೋಗಿತ್ತು. ಅಲ್ಲಿ ಟ್ರ್ಯಾಕಾದರೂ ಉಳಿಯಿತು. ಇಲ್ಲಿ ತಡೆಗೋಡೆ ತೆಗೆದ ಮೇಲೆ ಉಳಿದದ್ದು ಹಳೆಯ ರಸ್ತೆ. ಈಗ ಅದೇ ತಿರುವುಗಳಲ್ಲಿ, ಪಾತ್ರೆ ಪಗಡಗಳ ಮೂಟೆ ಹೇರಿದ ಆಟೊ ಟ್ರಾಲಿಗಳು ಸಿಗ್ನಲ್ ಬಿಡುವುದನ್ನು ಕಾಯುತ್ತ ನಿಲ್ಲುತ್ತವೆ.